ನಾಲ್ಕನೇ ಸಾಲಿನಲ್ಲಿ ಅಪ್ಪ

ಜುಲೈ 9

ಚೂಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ತಲುಪಿತು. ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಹೇಳಿಕೊಡಿ ಎಂದು ಕೇಳಿದ್ದೀಯ. ಕೇಳಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನೀನೂ ಎಲ್ಲರ ಹಾಗೆ ಮಣ್ಣಿನ ಗುಡ್ಡ ಮಾಡಿ, ಅದರ ಬಾಯಿಗೆ ಸೋಡಾಪುಡಿ ಸುರಿದು, ಜ್ವಾಲಾಮುಖಿ ಎಂದು ಬೋರ್ಡು ತಗುಲಿಸುತ್ತಿದ್ದೆ. ಮೇಡಂ ಆಗಿ ನಾನು ನೋಡಿದಷ್ಟು ಜ್ವಾಲಾಮುಖಿಗಳು ಭೂಮಿಯ ಮೇಲೂ ಇರಲಾರವು. ಫೋನಿನಲ್ಲೇ ಹೇಳಿಬಿಡೋಣವೆಂದರೆ ಈ ಊರಿನಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ. ಅಲ್ಲಿಗೆ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ.

ನಿನಗೆ ಬೇಕಾದದ್ದು ಒಂದು ಸ್ಕೇಲು, ಅಷ್ಟೇ. ಅದರ ಮೇಲ್ತುದಿ ಹಿಡಿದು ನೇರವಾಗಿ ಇಳಿಬಿಡು. ಎದುರಿಗಿರುವವರು ಕೆಳಗಿನ ಸೊನ್ನೆ ಗೆರೆಯ ಆಚೆ ಈಚೆ ಹೆಬ್ಬೆರಳು, ತೋರುಬೆರಳು ತೆರೆದು ಕಾಯಲಿ. ಮುಟ್ಟಬಾರದು. ನೀನು ಹೇಳದೆ ಕೇಳದೆ ಬಿಟ್ಟುಬಿಡು. ಅವರು ಹಿಡಿಯುವಷ್ಟರಲ್ಲಿ ಸ್ಕೇಲು ಎಷ್ಟು ಸೆಂಟಿಮೀಟರ್ ಜಾರಿತು ನೋಡು. ಕಡಿಮೆ ಜಾರಿದರೆ ಆಸಾಮಿ ಚುರುಕು, ಜಾಸ್ತಿ ಜಾರಿದರೆ ನಿಧಾನ. ಒಂದು ಸಲದ ಅಳತೆಯನ್ನು ನಂಬಬೇಡ. ಹಲವು ಸಲ ಬಿಟ್ಟು ಸರಾಸರಿ ತೆಗೆ.

ಒಂದು ಮಾತು ಗಂಟು ಹಾಕಿಟ್ಟುಕೋ. ಬದಲಾಗಬೇಕಾದದ್ದು ಒಂದೇ, ಸ್ಕೇಲು ಹಿಡಿಯುವ ಮನುಷ್ಯ. ಮಿಕ್ಕದ್ದೆಲ್ಲ ಇದ್ದ ಹಾಗೇ ಇರಬೇಕು. ಅದು ತಪ್ಪಿದರೆ ಪ್ರಯೋಗ ಹೋಗಿ ಆಟವಾಗುತ್ತದೆ.

ನಿಮ್ಮಪ್ಪನಿಗೆ ಹೇಳು, ಅಕ್ಕನಿಗೂ ಒಂದು ಸಾಲು ಬರೆದರೆ ನಿಮ್ಮ ಶಾಲೆಯ ಬಸ್ಸಿನ ಟೈರಿನ ಗಾಳಿಯೇನೂ ಹೋಗುವುದಿಲ್ಲ ಅಂತ.

ನಿನ್ನ ಅತ್ತೆ


ಜುಲೈ 24

ಅತ್ತೆಗೆ ನಮಸ್ಕಾರಗಳು.

ಪ್ರಯೋಗ ಮುಗಿಯಿತು. ಮನೆಯವರ ತಲೆ ತಿಂದೆ ಎಂದು ಅಮ್ಮ ಬೈದರು. ಅಣ್ಣ ನಾನು ಬಿಡುವ ಮೊದಲೇ ಬೆರಳು ಮುಚ್ಚಿ, "ಸೊನ್ನೆ! ಬರ್ಕೋ ಬರ್ಕೋ" ಎಂದು ಮೋಸ ಮಾಡಿದ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪಕ್ಕದ ಅಂಗಡಿಯ ಟೈಲರ್ ಮಾಮ ಒಂದು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸ್ಕೇಲು ಹಿಡಿದರು.

ಎಲ್ಲರದ್ದೂ ಹದಿನೈದು, ಹದಿನೆಂಟು ಸೆಂಟಿಮೀಟರಿನ ಸುತ್ತಮುತ್ತ ಬಂತು. ಒಬ್ಬರಿಗೆ ಮಾತ್ರ ಒಂದು ಸಲವೂ ಹಿಡಿಯಲು ಆಗಲಿಲ್ಲ. ಪ್ರತಿ ಸಲವೂ ಸ್ಕೇಲು ಪೂರ್ತಿ ಜಾರಿ ನೆಲಕ್ಕೆ ಬಿತ್ತು. ಅದಕ್ಕೆ ಮೂವತ್ತಕ್ಕಿಂತ ಹೆಚ್ಚು ಎಂದು ಬರೆದಿದ್ದೇನೆ. ಚಾರ್ಟಿನಲ್ಲಿ ಅವರನ್ನು "ನಾಲ್ಕನೆಯವರು" ಎಂದು ಹಾಕಿದ್ದೇನೆ. ಅವರು ಹಿರಿಯರು.

ಅವರನ್ನು ಬಿಟ್ಟುಬಿಟ್ಟರೆ ಗ್ರಾಫು ಚೆನ್ನಾಗಿ ಕಾಣುತ್ತದೆ. ಬಿಡಲೇ ಅತ್ತೆ? ಅವರು ಬೇಜಾರು ಮಾಡಿಕೊಳ್ಳಬಹುದು. ಸ್ಕೇಲು ಬಿದ್ದಾಗೆಲ್ಲ ನಕ್ಕರು, ಆದರೆ ಕೊನೆಯಲ್ಲಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ಹೋದರು. ಕೈ ಒದ್ದೆಯೇನೂ ಇರಲಿಲ್ಲ.

ಅಪ್ಪನಿಗೆ ಹೇಳಿದೆ. ಟೈರಿನ ಗಾಳಿ ಹೋಗುವುದಿಲ್ಲವಂತೆ, ಆದರೆ ಪುರುಸೊತ್ತಿಲ್ಲವಂತೆ.

ಚೂಟಿ


ಜುಲೈ 31

ಚೂಟಿಗೆ,

ಬಿಡಲೇ ಎಂದು ಕೇಳಿದ್ದಕ್ಕೆ ನಿನ್ನ ಕಿವಿ ಹಿಂಡಬೇಕು. ನೀನು ದೂರದಲ್ಲಿದ್ದೀಯ, ಬಚಾವಾದೆ. ಬಂದ ಅಳತೆ ಬಂದದ್ದೇ. ಚೆನ್ನಾಗಿ ಕಾಣಲಿ ಎಂದು ಒಂದನ್ನು ಒರೆಸಿದರೆ ಉಳಿದದ್ದನ್ನೂ ಯಾರೂ ನಂಬಬೇಕಾಗಿಲ್ಲ. ಯಾರ ಬೇಜಾರಿಗೂ ಹೆದರಬೇಡ. ಸ್ಕೇಲಿಗೆ ದಾಕ್ಷಿಣ್ಯ ಇರುವುದಿಲ್ಲ.

ಆ ನಾಲ್ಕನೆಯ ಮಹಾನುಭಾವ ಯಾರೋ! ಸ್ಕೇಲು ನೆಲಕ್ಕೆ ಬಿದ್ದು ಸದ್ದಾದ ಮೇಲೆ ಎಚ್ಚರವಾಯಿತೇನೋ. ನಿನ್ನ ಕಾಗದವನ್ನು ನನ್ನ ತರಗತಿಯಲ್ಲಿ ಓದಿದೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಎದ್ದು ನಿಂತು ಆ ಮನುಷ್ಯ ಸ್ಕೇಲು ಹಿಡಿಯುವ ಹಾಗೆ ಅಭಿನಯಿಸಿ ತೋರಿಸಿದೆ.

ಒಂದು ತಿದ್ದುಪಡಿ. ನಾಲ್ಕನೆಯವರು ಎಂದು ಬರೆದರೆ ನೋಡುವವರಿಗೆ ಏನು ತಿಳಿದೀತು? ಹೆಸರು ಹಾಕುವುದು ಮರ್ಯಾದೆಯಲ್ಲ, ಹಾಕಬೇಡ. ಉದ್ಯೋಗ ಬರೆ. ಟೈಲರ್, ವಿದ್ಯಾರ್ಥಿ, ಹೀಗೆ. ಆಗ ಓಡಾಡಿ ಕೆಲಸ ಮಾಡುವವರು ಚುರುಕೋ, ಕೂತು ಕೆಲಸ ಮಾಡುವವರು ಚುರುಕೋ ಎಂಬ ಪ್ರಶ್ನೆ ಹುಟ್ಟುತ್ತದೆ. ನಿನ್ನ ನಾಲ್ಕನೆಯವರು ಕೂತು ಕೆಲಸ ಮಾಡುವವರೇ, ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಬಹುಮಾನ ಬಂದರೆ ತಿಳಿಸು. ಬರದಿದ್ದರೂ ತಿಳಿಸು.

ಅತ್ತೆ


ಆಗಸ್ಟ್ 22

ಅತ್ತೆಗೆ,

ಎರಡನೆಯ ಬಹುಮಾನ ಬಂತು. ಬರಬಾರದಿತ್ತು.

ನೀವು ಪಂದ್ಯ ಗೆದ್ದಿರಿ. ನಾಲ್ಕನೆಯವರು ಕೂತು ಕೆಲಸ ಮಾಡುವವರು. ನಮ್ಮ ಅಪ್ಪ.

ನೀವು ಹೇಳಿದ ಹಾಗೆ ನಾಲ್ಕನೇ ಸಾಲಿನಲ್ಲಿ "ಶಾಲಾ ಬಸ್ ಚಾಲಕ" ಎಂದು ಬರೆದೆ. ನೀಲಿ ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದೆ. ನನಗೆ ಆಗ ಅದರಲ್ಲಿ ಏನೂ ಕಾಣಲಿಲ್ಲ ಅತ್ತೆ, ಆಣೆ ಮಾಡಿ ಹೇಳುತ್ತೇನೆ. ಅಕ್ಷರ ಸೊಟ್ಟಗಾಗದಿದ್ದರೆ ಸಾಕು ಎಂದಷ್ಟೇ ಇತ್ತು. ಬಹುಮಾನ ಬಂದ ಚಾರ್ಟುಗಳನ್ನೆಲ್ಲ ಆಫೀಸಿನ ಮುಂದಿನ ಗೋಡೆಗೆ ಅಂಟಿಸಿದರು. ಫೀಸು ಕಟ್ಟಲು ಬರುವವರೆಲ್ಲ ಅಲ್ಲೇ ಸಾಲು ನಿಲ್ಲುತ್ತಾರೆ. ಶಾಲೆಗೆ ಇರುವುದು ಒಬ್ಬರೇ ಬಸ್ ಚಾಲಕರು.

ಅಪ್ಪ ಕೂಡ ನೋಡಿದರು. ಡೀಸೆಲ್ ಚೀಟಿಗೆ ಸಹಿ ಹಾಕಿಸಲು ಬಂದಿದ್ದರು. ಖಾಕಿ ಅಂಗಿಯಲ್ಲಿ, ಚೀಟಿ ಕೈಯಲ್ಲಿ ಹಿಡಿದುಕೊಂಡು, ಚಾರ್ಟಿಗೆ ಮುಖ ಹತ್ತಿರ ತಂದು ಒಂದೊಂದೇ ಸಾಲು ಓದಿದರು. ನಾನು ಕಂಬದ ಹಿಂದೆ ನಿಂತಿದ್ದೆ. ಹೋಗಿ ಮಾತಾಡಿಸಲಿಲ್ಲ. ಓದಿ ಮುಗಿಸಿ, ಒಂದು ಮೂಲೆಯ ಟೇಪು ಬಿಟ್ಟುಕೊಂಡಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ ಹೋದರು.

ಆ ವಾರ ಬಸ್ಸಿನಲ್ಲಿ ಹೊಸ ಆಟ ಶುರುವಾಯಿತು. ಅಪ್ಪ ಬ್ರೇಕು ಹಾಕಿದಾಗೆಲ್ಲ ಅರ್ಧ ಬಸ್ಸು "ಬಿಟ್ಟೆ!" ಎಂದು ಕೂಗುತ್ತಿತ್ತು, ಇನ್ನರ್ಧ "ಹಿಡೀ!" ಎನ್ನುತ್ತಿತ್ತು. ಆಮೇಲೆ ನಗುತ್ತಿದ್ದರು. ನಾನು ಈಗ ಹಿಂದಿನ ಸೀಟಿನಲ್ಲಿ ಕೂರುತ್ತೇನೆ.

ಹೋದ ವಾರ ಪೋಷಕರಲ್ಲಿ ಯಾರೋ ಇಬ್ಬರು ದೊಡ್ಡ ಮೇಡಂ ಹತ್ತಿರ ಹೋಗಿ ಕೇಳಿದರಂತೆ, ನಮ್ಮ ಮಕ್ಕಳನ್ನು ಇಂಥವರ ಕೈಗೆ ಕೊಟ್ಟಿದ್ದೀರಾ ಎಂದು. ಮೇಡಂ ಅಪ್ಪನಿಂದ ಬಸ್ಸಿನ ಕೀಲಿ ಇಸ್ಕೊಂಡು ಹೊರಗಿನಿಂದ ಬದಲಿ ಚಾಲಕರನ್ನು ಕರೆಸಿದರು. ಈಗ ಅಪ್ಪ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಒಳಗೆ ಹೋಗುವಾಗ ಬೇರೆ ಕಡೆ ನೋಡುತ್ತಾರೆ. ನನಗೆ ಮುಜುಗರವಾಗಬಾರದು ಎಂದು ಹಾಗೆ ಮಾಡುತ್ತಾರೆ. ಬೈದರೆ ಎಷ್ಟೋ ಚೆನ್ನಾಗಿತ್ತು. ಬೈಯುವುದೇ ಇಲ್ಲ.

ಚೂಟಿ


ಆಗಸ್ಟ್ 28

ಚೂಟಿ,

ಕಾಗದ ಓದಿ ಮುಗಿಸಿದ ಮೇಲೆ ತರಗತಿಗೆ ಹೋಗಲು ಕಾಲೇ ಬರಲಿಲ್ಲ. ನನ್ನ ಒಡಹುಟ್ಟಿದ ತಮ್ಮನನ್ನು ಆಡಿಕೊಂಡು ತರಗತಿಯ ಮುಂದೆ ಕುಣಿದಿದ್ದೇನೆ. ಉದ್ಯೋಗ ಬರೆ ಎಂದವಳೂ ನಾನೇ. ತಪ್ಪು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ, ಅದರಲ್ಲಿ ದೊಡ್ಡ ಪಾಲು ನನ್ನದು. ನಾಚಿಕೆಯಾಗುತ್ತಿದೆ.

ಆದರೆ ಕೈಕಟ್ಟಿ ಕೂರುವವಳಲ್ಲ ನಾನು. ನಿಮ್ಮಪ್ಪ ಸೈಕಲ್ ಕಲಿಯುವ ವಯಸ್ಸಿನಲ್ಲೇ ಓಡುವ ಕೋಳಿಯನ್ನು ಹಾರಿ ಹಿಡಿಯುತ್ತಿದ್ದವನು. ಅವನ ಕೈಯಿಂದ ಸ್ಕೇಲು ಜಾರಿತು ಎಂದರೆ ನಾನು ನಂಬಲಾರೆ. ನಿನ್ನ ಅಳತೆಯಲ್ಲೇ ಏನೋ ಎಡವಟ್ಟಾಗಿದೆ. ಮುಚ್ಚಿಡದೆ ಬರೆ. ಎಲ್ಲರನ್ನೂ ಒಂದೇ ಜಾಗದಲ್ಲಿ ಅಳೆದೆಯಾ? ಒಂದೇ ಹೊತ್ತಿನಲ್ಲಾ? ಅವನು ಕೂತಿದ್ದನೋ ನಿಂತಿದ್ದನೋ? ದಣಿದಿದ್ದನೋ?

ಎಲ್ಲಿ ವ್ಯತ್ಯಾಸವಿತ್ತೋ ಅದನ್ನು ಸರಿ ಮಾಡಿ ಮತ್ತೆ ಅಳೆ. ಉತ್ತರ ಬಂದ ಕೂಡಲೇ ನಿಮ್ಮ ದೊಡ್ಡ ಮೇಡಂಗೆ ನಾನೇ ಬರೆಯುತ್ತೇನೆ.

ಅತ್ತೆ


ಸೆಪ್ಟೆಂಬರ್ 12

ಅತ್ತೆಗೆ ನಮಸ್ಕಾರ.

ನೀವು ಹೇಳಿದ್ದು ನಿಜ. ಎಲ್ಲರನ್ನೂ ಭಾನುವಾರ ಬೆಳಿಗ್ಗೆ ಹೊರಗಿನ ಜಗಲಿಯಲ್ಲಿ ಅಳೆದಿದ್ದೆ. ಅಪ್ಪ ಆ ದಿನ ಆಟದ ತಂಡವನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿದ್ದರು. ಅವರೊಬ್ಬರನ್ನು ಮಾತ್ರ ಇನ್ನೊಂದು ದಿನ ಸಂಜೆ, ಕೆಲಸ ಮುಗಿಸಿ ಬಂದ ಮೇಲೆ, ಅಡುಗೆಮನೆಯಲ್ಲಿ ಅಳೆದೆ. ಅಲ್ಲಿ ಹಳೆಯ ಬಲ್ಬು. ಒಂದೇ ಬದಲಾಗಬೇಕು ಎಂದು ನೀವು ಮೊದಲನೇ ಕಾಗದದಲ್ಲೇ ಬರೆದಿದ್ದಿರಿ. ನಾನು ಅದನ್ನು ಚಾರ್ಟಿನ ಮೇಲೂ ಬರೆದಿದ್ದೆ. ಬರೆದೆ, ಮಾಡಲಿಲ್ಲ.

ನಿನ್ನೆ ಬೆಳಿಗ್ಗೆ ಜಗಲಿಯಲ್ಲಿ ಮತ್ತೆ ಅಳೆದೆ. ಕೇಳುವುದಕ್ಕೇ ಹೆದರಿಕೆಯಾಗಿತ್ತು. ಆದರೆ ಅಪ್ಪ ತಾವೇ, "ಮಾಡೋದಾದ್ರೆ ಈಗ್ಲೇ ಮಾಡು, ಬಿಸ್ಲು ಚೆನ್ನಾಗಿರೋವಾಗ" ಎಂದು ಬಂದು ನಿಂತರು.

ಅತ್ತೆ, ಹದಿನಾಲ್ಕು ಸೆಂಟಿಮೀಟರ್! ಎಷ್ಟು ಸಲ ಬಿಟ್ಟರೂ ಸುಮಾರು ಅಷ್ಟೇ. ಟೈಲರ್ ಮಾಮನಿಗಿಂತ ಚುರುಕು. ಅಣ್ಣ ಶಿಳ್ಳೆ ಹಾಕಿದ. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ವಿಜ್ಞಾನದ ಮೇಷ್ಟ್ರನ್ನೂ ಮನೆಗೆ ಕರೆದು ತೋರಿಸಿದೆವು, ಅವರು ಪಟ್ಟಿಯ ಕೆಳಗೆ ಸಹಿ ಹಾಕಿದ್ದಾರೆ. ಇದರ ಜೊತೆಗೇ ಇಟ್ಟಿದ್ದೇನೆ.

ಬೇಗ ಬರೆಯಿರಿ ಅತ್ತೆ.

ಚೂಟಿ


ಸೆಪ್ಟೆಂಬರ್ 18

ನನ್ನ ಚೂಟಿ ಸೊಸೆಗೆ,

ನೋಡಿದೆಯಾ! ನಾನು ಹೇಳಿರಲಿಲ್ಲವಾ? ಇವತ್ತೇ ನಿಮ್ಮ ದೊಡ್ಡ ಮೇಡಂಗೆ ನಮ್ಮ ಶಾಲೆಯ ಕಾಗದದಲ್ಲಿ, ಸೀಲು ಒತ್ತಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮೊದಲನೆಯ ಅಳತೆ ಏಕೆ ಲೆಕ್ಕಕ್ಕಿಲ್ಲ, ಎರಡನೆಯದು ಏಕೆ ಸರಿ, ಒಬ್ಬ ಮನುಷ್ಯನ ಅನ್ನದ ಪ್ರಶ್ನೆಯನ್ನು ಮಕ್ಕಳ ಚಾರ್ಟು ನೋಡಿ ತೀರ್ಮಾನಿಸುವುದು ಎಂಥಾ ಅವಿವೇಕ, ಎಲ್ಲ ಬಿಡಿಸಿ ಬರೆದಿದ್ದೇನೆ. "ಈ ಚಾಲಕರ ಚುರುಕುತನದಲ್ಲಿ ಯಾವ ಕೊರತೆಯೂ ಇಲ್ಲವೆಂದು ವಿಜ್ಞಾನ ಶಿಕ್ಷಕಿಯಾಗಿ ಖಚಿತವಾಗಿ ಹೇಳಬಲ್ಲೆ" ಎಂದು ಕೊನೆಯ ಸಾಲು. ಬರೆದು ಮುಗಿಸಿದ ಮೇಲೆ ನನಗೇ ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿ ಬಂದಿದೆ.

ನನ್ನ ತರಗತಿಗೂ ಹೇಳಿದೆ, ನಾವು ಆವತ್ತು ನಕ್ಕದ್ದು ತಪ್ಪು ಎಂದು. ಅವನು ನನ್ನ ತಮ್ಮ ಎಂಬುದನ್ನು ಮಾತ್ರ ಹೇಳಲಿಲ್ಲ.

ತಮ್ಮನಿಗೆ ಹೇಳು, ಅಕ್ಕ ಬದುಕಿರುವವರೆಗೆ ಅವನ ಕೀಲಿ ಯಾರೂ ಕಿತ್ತುಕೊಳ್ಳುವುದಿಲ್ಲ ಅಂತ.

ಅತ್ತೆ


ಅಕ್ಟೋಬರ್ 15

ಅತ್ತೆಗೆ,

ಅಪ್ಪನಿಗೆ ಬಸ್ಸು ವಾಪಸ್ ಸಿಕ್ಕಿತು. ದೊಡ್ಡ ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ ನಿಮ್ಮ ಕಾಗದ ಓದಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾರ್ಟನ್ನು ಗೋಡೆಯಿಂದ ತೆಗೆದು ನನಗೆ ಕೊಟ್ಟರು.

ಒಂದು ಪ್ರಶ್ನೆ. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಮೂರು ವ್ಯತ್ಯಾಸ ಇತ್ತಲ್ಲ, ಹೊತ್ತು, ದಣಿವು, ಬೆಳಕು. ಮೂರನ್ನೂ ಒಟ್ಟಿಗೇ ಸರಿ ಮಾಡಿದೆವು. ಹಾಗಾದರೆ ಆವತ್ತು ಸ್ಕೇಲು ಬಿದ್ದದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ? ಸುಮ್ಮನೆ ಕೇಳಿದೆ.

ಚೂಟಿ


ಅಕ್ಟೋಬರ್ 21

ಚೂಟಿಗೆ,

ಚಪ್ಪಾಳೆಯ ವಿಷಯ ಓದಿ ಹಿಗ್ಗಿದೆ. ಇಷ್ಟು ದೊಡ್ಡ ಸುದ್ದಿಯನ್ನು ಇಷ್ಟೇ ಇಷ್ಟು ಬರೆದಿದ್ದೀಯಲ್ಲೇ, ಜುಗ್ಗಿ. ಪರೀಕ್ಷೆ ಹತ್ತಿರ ಬಂತೇನೋ. ಈ ಪ್ರಶ್ನೆಯನ್ನು ನಿಮ್ಮ ಮೇಷ್ಟ್ರು ಪರೀಕ್ಷೆಗೆಂದೇ ಕೊಟ್ಟಿರಬೇಕು. ಒಳ್ಳೆಯ ಪ್ರಶ್ನೆ. ಉತ್ತರ ಸುಲಭ. ಮೂರರಲ್ಲಿ ಎರಡನ್ನು ಹಾಗೇ ಬಿಟ್ಟು ಒಂದನ್ನು ಮಾತ್ರ ಬದಲಾಯಿಸಬೇಕು. ಬೆಳಿಗ್ಗೆ, ದಣಿವಿಲ್ಲದಾಗ, ಕಿಟಕಿ ಮುಚ್ಚಿದ ಮಬ್ಬು ಕೋಣೆಯಲ್ಲಿ ಅಳೆ. ಆಮೇಲೆ ಸಂಜೆ ದಣಿದಿದ್ದಾಗ ಒಳ್ಳೆಯ ದೀಪದ ಕೆಳಗೆ ಅಳೆ. ಯಾವುದರ ಜೊತೆ ಅಳತೆ ಬದಲಾಗುತ್ತದೋ ಕಾರಣ ಅದೇ. ಹೋಲಿಸಿ ನೋಡಲು ಇನ್ನೊಬ್ಬರನ್ನೂ ಜೊತೆಗೆ ಅಳೆಯಬೇಕು. ಇಷ್ಟು ಬರೆದರೆ ಪೂರ್ತಿ ಅಂಕ ಕೊಡದೆ ಎಲ್ಲಿ ಹೋಗುತ್ತಾರೆ?

ಅತ್ತೆ


ನವೆಂಬರ್ 12

ಚೂಟಿ,

ಪರೀಕ್ಷೆ ಮುಗಿದಿರಬೇಕು. ಒಂದು ಸಾಲೂ ಇಲ್ಲ. ನಿಮ್ಮಪ್ಪನ ಗಾಳಿ ಬಡಿಯಿತೇನು ನಿನಗೂ? ಕೆಲಸ ಆಯಿತು, ಇನ್ನು ಅತ್ತೆ ಯಾಕೆ ಎಂದೋ? ಕೋಪ ಬಂದಿದೆ ನನಗೆ. ನಿಜವಾಗಿ ಬಂದಿಲ್ಲ, ಆದರೂ ಬಂದಿದೆ ಎಂದೇ ತಿಳಿ.

ಅತ್ತೆ


ನವೆಂಬರ್ 16

ಅತ್ತೆಗೆ,

ಅದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ.

ನೀವು ಬರೆದ ಹಾಗೆಯೇ ಮಾಡಿದೆ. ಒಂದು ಬೆಳಿಗ್ಗೆ ಸ್ಟೋರ್ ರೂಮಿನಲ್ಲಿ ಸಾಮಾನು ಹುಡುಕುವ ನೆಪ ಮಾಡಿ ಕಿಟಕಿ ಮುಚ್ಚಿ, "ಅಪ್ಪಾ, ಒಂದೇ ಸಲ, ಆಟಕ್ಕೆ" ಎಂದು ಸ್ಕೇಲು ಹಿಡಿದೆ. ಅಪ್ಪ ಆಗಷ್ಟೇ ನಿದ್ದೆಯಿಂದ ಎದ್ದಿದ್ದರು, ದಣಿವೇನೂ ಇರಲಿಲ್ಲ. ಸ್ಕೇಲು ನೆಲಕ್ಕೆ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ಬಿತ್ತು. ಅದೇ ಕೋಣೆಯಲ್ಲಿ ಅಮ್ಮ ಎಂದಿನ ಹಾಗೇ ಹಿಡಿದರು. ಇನ್ನೊಂದು ಸಂಜೆ ಅಪ್ಪ ಸುಸ್ತಾಗಿ ಬಂದಾಗ ಹಾಲಿನ ಟ್ಯೂಬ್‌ಲೈಟಿನ ಕೆಳಗೆ ಅಳೆದೆ. ಚೆನ್ನಾಗಿ ಹಿಡಿದರು. ಹೊತ್ತೂ ಅಲ್ಲ, ದಣಿವೂ ಅಲ್ಲ ಅತ್ತೆ. ಬೆಳಕು. ಮಬ್ಬು ಬೆಳಕಿನಲ್ಲಿ ಅಪ್ಪನಿಗೆ ಕಾಣುವುದಿಲ್ಲ.

ಇದು ತಿಳಿದು ಮೂರು ವಾರವಾಯಿತು. ಯಾರಿಗೂ ಹೇಳಿಲ್ಲ.

ಈಗ ಹೊತ್ತು ಬೇಗ ಮುಳುಗುತ್ತದೆ. ಆಟದ ಅಭ್ಯಾಸ ಮುಗಿಸಿದವರನ್ನು ಬಿಡುವ ಕೊನೆಯ ಟ್ರಿಪ್ಪು ಕತ್ತಲಲ್ಲೇ. ಬಸ್ಸಿನ ಆಯಮ್ಮ ಮುಂದೆ ಬಾಗಿಲ ಹತ್ತಿರ ನಿಂತು, "ಅಣ್ಣಾ, ಎಡಗಡೆ ಸೈಕಲ್ಲು", "ಅಣ್ಣಾ, ಮುಂದೆ ಹಂಪು" ಎಂದು ಹೇಳುತ್ತಲೇ ಇರುತ್ತಾರೆ. ಅವರದ್ದು ಬಾಯಿ ಜಾಸ್ತಿ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಹೋದ ಮಂಗಳವಾರ ಅವರು ಹಿಂದೆ ಒಂದು ಮಗುವಿನ ಬ್ಯಾಗು ಹುಡುಕುತ್ತಿದ್ದರು. ರಸ್ತೆಯ ತಿರುವಿನಲ್ಲಿ ಒಬ್ಬ ತಾತ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ನನಗೆ ಹಿಂದಿನ ಸೀಟಿನಿಂದಲೇ ಕಂಡಿತು. ಅಪ್ಪನಿಗೆ ಕಾಣಲಿಲ್ಲ. ನಾನು "ಅಪ್ಪಾ!" ಎಂದು ಕಿರುಚಿದೆ. ಬಸ್ಸಿನಲ್ಲಿ ನಾನು ಅವರನ್ನು ಅಪ್ಪ ಎಂದು ಕರೆದು ಎಷ್ಟೋ ತಿಂಗಳಾಗಿತ್ತು. ಬ್ರೇಕು ಬಿತ್ತು. ತಾತ ಬೈದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ.

ಆವತ್ತಾದರೂ ಹೇಳಬೇಕಿತ್ತು. ಒಂದು ಸಲ ತಪ್ಪು ಅಳತೆ ತೋರಿಸಿ ಊರ ಮುಂದೆ ಅವರ ಮಾನ ಕಳೆದೆ. ಈಗ ಸರಿಯಾದ ಅಳತೆ ತೋರಿಸಿ ಇನ್ನೊಂದು ಸಲ ಕಳೆಯಬೇಕಾ? ನಿಮ್ಮ ಕಾಗದಕ್ಕೆ ದೊಡ್ಡ ಮೇಡಂ ಗಾಜು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿದಾಗೆಲ್ಲ ಬಾಯಿ ಕಟ್ಟಿಹೋಗುತ್ತದೆ.

ಈಗ ಶಾಲೆಗೆ ರಜೆ, ಬಸ್ಸು ನಿಂತಿದೆ. ಸೋಮವಾರ ಮತ್ತೆ ಶುರು. ಏನು ಮಾಡಲಿ?

ಚೂಟಿ


ನವೆಂಬರ್ 20, ಭಾನುವಾರ

ಚೂಟಿ,

ಇದನ್ನು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಿನ್ನ ಕಾಗದ ನಿನ್ನೆಯೇ ಬಂದಿತ್ತಂತೆ. ಶಾಲೆಯ ಜವಾನ ನನ್ನ ಕೈಗೆ ಕೊಟ್ಟದ್ದು ಈಗ ಸಂಜೆ. ಮಂಡಿ ಒಪ್ಪದಿದ್ದರೂ ಹತ್ತಿದೆ. ನಿಮ್ಮಪ್ಪನಿಗೆ ಫೋನು ಮಾಡಿದೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಮಾಡಿದೆ. ಇಳಿಯಲು ಮನಸ್ಸಿಲ್ಲ, ಅದಕ್ಕೇ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಬಿಸಿಲು ಚೆನ್ನಾಗಿರುವಾಗ ಮಾಡು ಎಂದು ಅವನೇ ಹೇಳಿದ ಎಂದು ನೀನು ಬರೆದಿದ್ದೆ. ಆ ಸಾಲು ನನ್ನ ಕಣ್ಣೆದುರೇ ಇತ್ತು. ಮೂರು ಸಂಗತಿ ಒಟ್ಟಿಗೆ ಬದಲಾಗಿದ್ದನ್ನು ಒಂಬತ್ತನೆಯ ತರಗತಿಯ ನೀನು ಗುರುತಿಸಿದೆ. ನಾನು ಗುರುತಿಸಲಿಲ್ಲ. ಗುರುತಿಸಲಿಲ್ಲ ಎಂದರೆ ಸುಳ್ಳಾದೀತು, ನೋಡಲು ಇಷ್ಟವಿರಲಿಲ್ಲ. ಬೇಕಾದ ಉತ್ತರ ಕೈಗೆ ಸಿಕ್ಕಿತು, ಅಳೆಯುವುದನ್ನು ನಿಲ್ಲಿಸಿಬಿಟ್ಟೆ. ಸೀಲು ಒತ್ತಿ ಖಚಿತ ಎಂದು ಬರೆದೆ. ಆ ಖಚಿತ ಎಂಬ ಪದ ಈಗ ಬೆನ್ನಿಗೆ ಚುಚ್ಚುತ್ತಿದೆ. ಆ ತಾತನಿಗೆ ಏನಾದರೂ ಆಗಿದ್ದರೆ, ಬಸ್ಸಿನಲ್ಲಿದ್ದ ನಿನಗೆ ಆಗಿದ್ದರೆ, ಅದು ನನ್ನ ಕಾಗದದಿಂದ ಆಗುತ್ತಿತ್ತು. ಇಷ್ಟು ವರ್ಷ ಮಕ್ಕಳ ಕಿವಿ ಹಿಂಡಿದ ಈ ಕೈಯನ್ನು ಎಲ್ಲಿಡಲಿ ಹೇಳು.

ದೊಡ್ಡ ಮೇಡಂಗೆ ಇನ್ನೊಂದು ಕಾಗದ ಬರೆದಿದ್ದೇನೆ, ನನ್ನ ಮಾತು ತಪ್ಪಾಗಿತ್ತು, ವಾಪಸ್ ಪಡೆಯುತ್ತೇನೆ ಎಂದು. ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ. ಅದನ್ನೂ ಗಾಜು ಹಾಕಿಸಿ ತೂಗುಹಾಕಲಿ. ನೀನು ಮಾತ್ರ ನಮ್ಮಿಬ್ಬರ ಅಂಚೆಗೆ ಕಾಯಬೇಡ. ನಿಮ್ಮಪ್ಪನಿಗೆ ಈಗಲೇ ಹೇಳು. ಮಾನ ಹೋಗುವುದು ಕಣ್ಣು ಮಂಜಾಗುವುದರಿಂದಲ್ಲ ಎಂದು ಹೇಳು. ನಾನು ಇದನ್ನು ಬರೆಯುತ್ತಿದ್ದೇನೆ, ಇದು ನಿನಗೆ ತಲುಪುವುದು ಯಾವಾಗಲೋ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಮತ್ತೆ ಫೋನು ಮಾಡಿದೆ. ಎತ್ತಲಿಲ್ಲ.

ಅತ್ತೆ


ನವೆಂಬರ್ 21

ಅತ್ತೆಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯಲು ಆಗಲಿಲ್ಲ. ಇವತ್ತು ಅಪ್ಪ ಬಸ್ಸು ಓಡಿಸಲಿಲ್ಲ.

ನಿನ್ನೆ ಸಂಜೆ ಸ್ಕೇಲು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಪ್ಪ ಒಬ್ಬರೇ ಮೇಜಿನ ಹತ್ತಿರ ಕೂತಿದ್ದರು. ನಾನು ಸ್ಕೇಲನ್ನು ಎತ್ತಿ ತೋರಿಸಿದೆ. ಅವರೇ, "ಸ್ಟೋರ್ ರೂಮಿನ ಕಿಟಕಿ ಯಾಕೆ ಮುಚ್ಚಿದ್ದೆ ಅಂತ ಅವತ್ತೇ ಗೊತ್ತಾಯ್ತು ಕಣೇ" ಎಂದರು. ಆಮೇಲೆ, "ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಇಷ್ಟು ಚಿಕ್ಕ ಹುಡುಗಿ ಹೇಳ್ಲಿ ಅಂತ ಇಷ್ಟು ದೊಡ್ಡವನು ಕಾಯ್ತಿದ್ದೆ. ಥೂ, ನನ್ನ ಮುಖಕ್ಕಿಷ್ಟು" ಎಂದರು. ಹೋದ ವರ್ಷದಿಂದಲೇ ಹೀಗಂತೆ. ಸಂಜೆಯಾದರೆ ಎದುರಿನ ಗಾಡಿಯ ದೀಪ ಹತ್ತಿಯ ಉಂಡೆಯ ಹಾಗೆ ಕಾಣುತ್ತದಂತೆ. ಹೇಳಿದರೆ ಕೀಲಿ ಹೋಗುತ್ತದೆ ಎಂದು ಆಯಮ್ಮನಿಗೆ ಮಾತ್ರ ಹೇಳಿದ್ದರು.

ಆ ಹೊತ್ತಿಗೆ ಕಪಾಟಿನ ಮೇಲಿದ್ದ ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು. "ಆಮೇಲೆ" ಎಂದರು. ಎದ್ದು ನಿಂತು, ಆವತ್ತಿನ ಹಾಗೇ ಬೆರಳು ತೆರೆದರು. "ಬಿಡು" ಎಂದರು. ಅದೇ ಹಳೆಯ ಬಲ್ಬು. ನಾನು ಬಿಟ್ಟೆ, ಬಿತ್ತು. ಬಗ್ಗಿ, ನೆಲದ ಮೇಲೆ ಕೈಯಾಡಿಸಿ ಹುಡುಕಿ, ಎತ್ತಿ ಕೊಟ್ಟರು. ಮತ್ತೆ ಬಿಟ್ಟೆ, ಮತ್ತೆ ಬಿತ್ತು. ನಾನು ಅಳುತ್ತಿದ್ದೆ. ಅಪ್ಪ ನನ್ನ ಚಾರ್ಟನ್ನು ಎಳೆದು ಮೇಜಿನ ಮೇಲೆ ಹರಡಿ, "ಬರ್ಕೋ" ಎಂದರು. ನಾಲ್ಕನೇ ಸಾಲನ್ನು ಅಡ್ಡ ಗೆರೆ ಹಾಕಿ ಎರಡು ಮಾಡಿದೆ. ಬೆಳಕಿನಲ್ಲಿ ಎಂದು ಒಂದು, ಮಬ್ಬಿನಲ್ಲಿ ಎಂದು ಒಂದು. ಎರಡೂ ಅಳತೆ ಬರೆದೆ.

ಬೆಳಿಗ್ಗೆ ಆ ಚಾರ್ಟನ್ನು ಸುತ್ತಿಕೊಂಡು ಅಪ್ಪನೇ ದೊಡ್ಡ ಮೇಡಂ ಹತ್ತಿರ ಹೋಗಿ, ಹರಡಿ ತೋರಿಸಿ, ಅದರ ಮೇಲೆ ಬಸ್ಸಿನ ಕೀಲಿ ಇಟ್ಟರಂತೆ. ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಯಬಹುದು ಎಂದರು. ಬಸ್ಸು ಮತ್ತೆ ಕೊಡುತ್ತಾರೋ ಇಲ್ಲವೋ, ಮೇಡಂ ಏನೂ ಹೇಳಿಲ್ಲ. ಅಪ್ಪ ಮತ್ತೆ ಗೇಟಿನ ಕುರ್ಚಿಯಲ್ಲಿದ್ದಾರೆ. ಇವತ್ತು ನಾನು ಸಂಜೆ ಅಲ್ಲೇ ಅವರ ಪಕ್ಕ ನಿಂತಿದ್ದೆ, ಎಲ್ಲರೂ ಹೋಗುವವರೆಗೆ.

ಒಂದು ವಿಷಯ ನಿಮಗೂ ಬರೆದಿರಲಿಲ್ಲ. ಎಲ್ಲರೂ "ಬಿಟ್ಟೆ, ಹಿಡೀ" ಎಂದು ಕೂಗುತ್ತಿದ್ದರು ಎಂದು ಬರೆದಿದ್ದೆನಲ್ಲ. ಒಂದು ದಿನ ನಾನೂ ಕೂಗಿದೆ ಅತ್ತೆ. ಎಲ್ಲರ ಜೊತೆ ನಕ್ಕೆ. ಕೂಗದಿದ್ದರೆ ನನ್ನನ್ನೂ ಆಡಿಕೊಳ್ಳುತ್ತಾರೆ ಎಂದು. ನಿನ್ನೆ ಚಾರ್ಟು ಬರೆದು ಮುಗಿಸಿದ ಮೇಲೆ ಅದನ್ನೂ ಅಪ್ಪನಿಗೆ ಹೇಳಿಬಿಟ್ಟೆ. ಅವರು ಸ್ಕೆಚ್ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟು ಹೇಳಿದರು:

"ಗೊತ್ತು ಮಗಳೇ. ನನ್ನ ಮುಂದಿನ ಕನ್ನಡೀಲಿ ಕಾಣ್ಸಿತ್ತು. ಅದು ಬೆಳಗಿನ ಟ್ರಿಪ್ಪು ಅಲ್ವಾ, ಚೆನ್ನಾಗೇ ಕಾಣ್ಸಿತ್ತು."

ಚೂಟಿ